ಮೆಟ್ಟಿಲಿಳಿಯುವ ನೀರು



ಕೋಪರಿಯ ಕನ್ನಡಿಗರಲ್ಲಿ ಮೈಸೂರಿನ ಬೃಂದಾವನ ನೋಡಿದವರು ಬಹಳ ಮಂದಿ. ಕಾರಂಜಿ, ಬಣ್ಣದ ದೀಪ ಎಲ್ಲರಿಗೂ ನೆನಪಿರುತ್ತದೆ. ಇಂದು ಅಲ್ಲಿಯ ನೀರು ಹರಿಯುವ ದಾರಿಯನ್ನು ನೆನಪಿಸಿಕೊಳ್ಳೋಣ. ಕಟ್ಟಡದ ಟೆರೇಸಿನಲ್ಲಿ ಪುಟ್ಟ ತೋಟ ಮಾಡಬೇಕೆನ್ನುವವರಿಗೆ ಅದರಲ್ಲೊಂದು ಪಾಠವಿದೆ.

ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕನಸಿನ ಈ ತೋಟದ ಕೆಲಸ 1927ರಲ್ಲಿ ಶುರುವಾಗಿ 1932ರಲ್ಲಿ ಮುಗಿಯಿತು. ಅದಕ್ಕೆ ಮಾದರಿ, 1619ರಲ್ಲಿ ಜಹಾಂಗೀರ್ ಬಾದಶಹ ಮಾಡಿಸಿದ ಕಾಶ್ಮೀರದ ಶಾಲಿಮಾರ್. ಕನ್ನಂಬಾಡಿ ಕಟ್ಟೆಯ ಕೆಳಗೆ ಮೂರು ಹಂತಗಳ ತೋಟ. ನೀರು ಒಮ್ಮೆಲೇ ಧುಮುಕದೆ ಹಂತ ಹಂತವಾಗಿ ಇಳಿಯುತ್ತದೆ. ನಡುವೆ ಸಮತಟ್ಟಿನಲ್ಲಿ ನಿಧಾನಿಸುತ್ತದೆ. ಮನಸ್ಸಿಗೆ ತಂಪೆನಿಸುವುದು ಆ ನಿಧಾನವೇ.

ನಿಮ್ಮಲ್ಲೂ ಮೂರು ಹಂತ ಸಾಕು. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಒಂದಕ್ಕಿಂತ ಒಂದು ತಗ್ಗಾಗಿ ಮೂರು ಅಗಲ ಬೋಗುಣಿಗಳನ್ನಿಡಿ. ಮೀನಿನ ತೊಟ್ಟಿಗೆ ಹಾಕುವಂಥ ಸಣ್ಣ ಪಂಪು ನೀರನ್ನು ಮೇಲಕ್ಕೆತ್ತಲಿ. ಇಳಿಯುವ ಕೆಲಸ ನೀರಿಗೇ ಬಿಡಿ. ಅದೇ ನೀರು ಮತ್ತೆ ಮತ್ತೆ ತಿರುಗುವುದರಿಂದ ಆರಿದಷ್ಟು ತುಂಬಿದರಾಯಿತು. ಬೀಳುವ ಎತ್ತರ ಅರ್ಧ ಅಡಿ ಇದ್ದರೆ ಜುಳುಜುಳು ಸದ್ದು. ಹೆಚ್ಚಾದರೆ ನೀರು ಸಿಡಿದು ನೆಲವೆಲ್ಲ ಒದ್ದೆ. ಸುತ್ತ ಕುಂಡಗಳಲ್ಲಿ ದಾಸವಾಳ, ತುಳಸಿ ಇರಲಿ. ತೇವ ಬೇಡುವ ಬಜೆ, ಕೆಸು ಕೆಳಗಿನ ಬೋಗುಣಿಯ ಪಕ್ಕದಲ್ಲಿರಲಿ. ಪತ್ರೊಡೆಗೂ ಆಯಿತಲ್ಲ!

ಆದರೆ ಟೆರೇಸು ಸೊಸಾಯಿಟಿಯ ಎಲ್ಲರಿಗೂ ಸೇರಿದ್ದು. ಮೊದಲು ಕಮಿಟಿಯ ಒಪ್ಪಿಗೆ ಪಡೆಯಿರಿ. ನೂರು ಲೀಟರ್ ನೀರೆಂದರೆ ನೂರು ಕಿಲೋ ಭಾರ. ಮಣ್ಣು, ಕುಂಡದ ತೂಕ ಬೇರೆ. ಹಳೆಯ ಕಟ್ಟಡವಾದರೆ ಇಂಜಿನಿಯರರನ್ನು ಕೇಳದೆ ಏನನ್ನೂ ಇಡಬೇಡಿ. ಮಳೆನೀರು ಹೋಗುವ ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡರೆ ಸ್ಲ್ಯಾಬಿನ ಮೇಲೆ ನೀರು ನಿಲ್ಲುತ್ತದೆ. ನಿಮ್ಮ ತೋಟದ ತಂಪು ಕೆಳಗಿನ ಮನೆಯವರ ಗೋಡೆಗೆ ಇಳಿಯಬಾರದು.

ಇನ್ನೊಂದು ಮಾತು ಡೆಂಗ್ಯೂ ಕುರಿತು. ಈ ಸೊಳ್ಳೆ ಬೆಳೆಯುವುದು ನಿಂತ ನೀರಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಪಂಪು ಕೆಟ್ಟು ಹರಿವು ನಿಂತರೆ ಬೋಗುಣಿಯೇ ಸೊಳ್ಳೆಗೆ ತೊಟ್ಟಿಲು. ಆದ್ದರಿಂದ ವಾರಕ್ಕೊಮ್ಮೆ ನೀರು ಬರಿದು ಮಾಡಿ, ಒಳಬದಿಯನ್ನು ಚೆನ್ನಾಗಿ ಉಜ್ಜಿ. ಅಂಚಿಗಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಚೆಲ್ಲುವ ನೀರನ್ನು ಗಿಡಗಳಿಗೆ ಹಾಕಿ. ಮೇ ರಜೆಗೆ ಊರಿಗೆ ಹೊರಟಾಗ ಬೋಗುಣಿಗಳನ್ನು ಉಜ್ಜಿ ಬೋರಲು ಹಾಕಿಯೇ ಬೀಗ ಹಾಕಿ.

ಇಷ್ಟು ನಿಗಾ ಇಡಲು ಬಿಡುವಿಲ್ಲದವರು ಗಿಡಗಳನ್ನಷ್ಟೇ ಬೆಳೆಸಿ, ಅದೂ ತೋಟವೇ. ಬಿಡುವಿದ್ದವರು ಮಾಡಿ ನೋಡಿ. ಸಂಜೆ ಆಫೀಸಿನಿಂದ ಬಂದು ಹತ್ತು ನಿಮಿಷ ಅದರ ಬಳಿ ಕುಳಿತರೆ ಲೋಕಲ್ ರೈಲಿನ ಸದ್ದು ಕಿವಿಯಿಂದ ಇಳಿದೀತು.