ಕಂಪ್ಯೂಟರ್ ಚಾಲೂ ಆಗದಿದ್ದರೆ



ಹೊಲದಾಗಿನ ಬೋರಿನ ಮೋಟರ್ ಚಾಲೂ ಆಗದಿದ್ದರೆ ಏನು ಮಾಡ್ತೀರಿ? ಮೊದಲೇ ಮೋಟರ್ ಮೇಲೆ ಎತ್ತಿಸ್ತೀರೇನು? ಇಲ್ಲ. ಕರೆಂಟ್ ಬಂದದೋ ಇಲ್ಲೋ ನೋಡ್ತೀರಿ. ಆಮೇಲೆ ಫ್ಯೂಜ್. ಆಮೇಲೆ ಸ್ಟಾರ್ಟರ್. ಕಡೆಗೆ ಮೋಟರ್. ಕಂಪ್ಯೂಟರಿಗೂ ಇದೇ ದಾರಿ. 'ಕೆಟ್ಟಿದೆ' ಅಂದರೆ ಸಾಲದು. ಎಲ್ಲಿಯವರೆಗೆ ಬಂದು ನಿಂತಿದೆ, ಅದನ್ನು ನೋಡಬೇಕು.

ಇದು ನಮಗ್ಯಾಕೆ ಅಂತೀರಾ? ಮೊದಲು ಪಹಣಿಯನ್ನು ಕೈಯಿಂದ ಬರೆದು ಕೊಡುತ್ತಿದ್ದರು. ಆಮೇಲೆ 'ಭೂಮಿ' ಯೋಜನೆ ಬಂತು. 2000ರ ನಂತರ ತಾಲ್ಲೂಕು ಕಚೇರಿಗಳಲ್ಲಿ ಕಂಪ್ಯೂಟರ್ ಪಹಣಿ ಸಿಗತೊಡಗಿತು. ಆಗ ಒಂದು ಪಹಣಿಗೆ 15 ರೂಪಾಯಿ ಇತ್ತು. ಈಗ ಪಿಂಚಣಿಗೂ ಕಂಪ್ಯೂಟರ್ ಬೇಕು. ಜಾತಿ ಪ್ರಮಾಣ ಪತ್ರಕ್ಕೂ ಬೇಕು. ಎಷ್ಟೋ ಸಂಘಗಳ ಲೆಕ್ಕವೂ ಅದರಲ್ಲೇ ಇದೆ. ಅದು ಚಾಲೂ ಆಗದಿದ್ದರೆ "ನಾಳೆ ಬರ್ರಿ" ಅಂತಾರೆ. 2023ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ರೊಕ್ಕ ಇಲ್ಲ, ಖರೆ. ಆದರೆ ಹೋದ ಕೂಲಿ ತಿರುಗಿ ಬಂದೀತೇ?

ಈಗ ಒಂದೊಂದಾಗಿ ನೋಡೋಣ.

ಮೊದಲನೆಯದು ದೀಪ. ಪೆಟ್ಟಿಗೆಯ ಮುಂದೆ ಸಣ್ಣ ದೀಪ ಹತ್ತಿದೆಯೇ? ಹತ್ತದಿದ್ದರೆ ಗೋಡೆಯ ಸ್ವಿಚ್ ನೋಡಿರಿ. ಯುಪಿಎಸ್ ಇದ್ದರೆ ಅದನ್ನೂ ನೋಡಿರಿ. ಹಿಂದಿನ ವೈರ್ ಸಡಿಲಾಗಿರಬಹುದು. ಬಹಳ ಪೆಟ್ಟಿಗೆಗಳ ಹಿಂದೆ ಇನ್ನೊಂದು ಸ್ವಿಚ್ ಇರುತ್ತದೆ. ಅದರ ಮೇಲೆ ಒಂದು ಗೆರೆ, ಒಂದು ಸೊನ್ನೆ ಇರುತ್ತವೆ. ಗೆರೆ ಅಂದರೆ ಚಾಲೂ. ಸೊನ್ನೆ ಅಂದರೆ ಬಂದ್. ಕಸ ಹೊಡೆಯುವಾಗ ಕೈ ತಾಗಿ ಬಂದ್ ಆಗಿರಬಹುದು.

ಎರಡನೆಯದು ಪರದೆ. ದೀಪ ಹತ್ತಿದೆ. ಫ್ಯಾನಿನ ಸಪ್ಪಳ ಕೇಳುತ್ತದೆ. ಪರದೆ ಮಾತ್ರ ಕಪ್ಪು. ಆಗ ಗಾಬರಿ ಬೇಡ. ಪರದೆಗೆ ಬೇರೆ ವೈರ್, ಬೇರೆ ಸ್ವಿಚ್ ಇರುತ್ತವೆ. ಅವನ್ನು ನೋಡಿರಿ. ಯಂತ್ರ 'ಪೀಂ ಪೀಂ' ಎಂದು ಕೂಗಿದರೆ ಎಷ್ಟು ಸಲ ಕೂಗಿತು ಎಣಿಸಿರಿ. ಬರೆದಿಟ್ಟುಕೊಂಡು ರಿಪೇರಿಯವರಿಗೆ ಹೇಳಿರಿ. ಅವರಿಗೆ ಅದರಿಂದ ದಾರಿ ತಿಳಿಯುತ್ತದೆ.

ಮೂರನೆಯದು ಅಕ್ಷರ. ಪರದೆ ಮೇಲೆ ಎರಡು ಸಾಲು ಬಂದು ಯಂತ್ರ ನಿಂತುಬಿಡುತ್ತದೆ. ಸಾಲು ಇಂಗ್ಲಿಷಿನಲ್ಲಿ ಇದ್ದರೂ ಬಿಡಬೇಡಿರಿ. ಹೈಸ್ಕೂಲಿಗೆ ಹೋಗುವ ಮಗಳ ಕೈಲಿ ಓದಿಸಿರಿ, ಬರೆಸಿಕೊಳ್ಳಿರಿ. ಪೆನ್ ಡ್ರೈವ್ ಚುಚ್ಚಿಯೇ ಬಿಟ್ಟಿದ್ದರೂ ಹೀಗಾಗುತ್ತದೆ. ಅದನ್ನು ತೆಗೆದು ಮತ್ತೆ ಚಾಲೂ ಮಾಡಿರಿ.

ನಾಲ್ಕನೆಯದು ತಾರೀಖು. ಒಳಗೆ ರೂಪಾಯಿ ಬಿಲ್ಲೆಯಂಥ 3 ವೋಲ್ಟಿನ ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಅದು ಸತ್ತರೆ ತಾರೀಖು ಹಿಂದಕ್ಕೆ ಹೋಗುತ್ತದೆ. ಸಾಲ ಕಟ್ಟಿದ ಪಾವತಿಯ ಮೇಲೆ ಹಳೆಯ ತಾರೀಖು ಬಿದ್ದರೆ ಮುಂದೆ ಜಗಳಕ್ಕೆ ಮೂಲ. ಅದಕ್ಕೇ ಪಾವತಿ ಕೈಗೆ ಬಂದ ಕೂಡಲೇ ತಾರೀಖು ಓದಿರಿ.

ಐದನೆಯದು ಧೂಳು. ನಮ್ಮ ವಾಡಿ, ಸೇಡಂ ಕಡೆ ಸಿಮೆಂಟು. ಶಹಾಬಾದಿನಲ್ಲಿ ಕಲ್ಲಿನ ಗಣಿ. ಚಿತ್ತಾಪುರ, ಚಿಂಚೋಳಿಯ ಬೇಸಿಗೆ ನಿಮಗೇ ಗೊತ್ತು. ಒಳಗಿನ ಫ್ಯಾನಿಗೆ ಧೂಳು ಕಟ್ಟಿದರೆ ಯಂತ್ರ ಕಾಯುತ್ತದೆ. ಚಾಲೂ ಆಗಿ ಸ್ವಲ್ಪ ಹೊತ್ತಿಗೆ ತಾನೇ ಬಂದ್ ಆಗುತ್ತದೆ. ಗಾಳಿ ಹೋಗುವ ತೂತುಗಳ ಮುಂದೆ ಕಾಗದದ ಕಟ್ಟು ಇಡಬಾರದು. ಬಂದ್ ಮಾಡಿ, ಪ್ಲಗ್ ಕಿತ್ತು, ಒಣ ಬಟ್ಟೆಯಿಂದ ಹೊರಗೆ ಒರೆಸಿರಿ. ಹಸಿ ಕೈ ಬೇಡ. ಪೆಟ್ಟಿಗೆ ಬಿಚ್ಚುವ ಕೆಲಸ ತಿಳಿದವರಿಗೆ ಬಿಡಿರಿ. ಕರೆಂಟ್ ಹಿಡಿದರೆ ಜೀವಕ್ಕೇ ಅಪಾಯ.

ಇನ್ನೊಂದು ಮಾತು. ಯಂತ್ರ ನಿಂತರೆ ಲೆಕ್ಕ ಹೋಯಿತು ಎಂದು ಅಳಬೇಡಿರಿ. ಪರದೆ ಹೋದರೂ ಬರೆದದ್ದು ಒಳಗಿನ ಡಿಸ್ಕಿನಲ್ಲಿ ಇರುತ್ತದೆ. ಡಿಸ್ಕ್ 'ಕಟ ಕಟ' ಎಂದರೆ ಮಾತ್ರ ಮತ್ತೆ ಮತ್ತೆ ಚಾಲೂ ಮಾಡಬಾರದು. ಕೂಡಲೇ ಬಂದ್ ಮಾಡಿಸಿರಿ. ಸಂಘದ ಲೆಕ್ಕಕ್ಕೆ ಪೆನ್ ಡ್ರೈವಿನಲ್ಲಿ ಒಂದು ನಕಲು ಇಡಿಸಿರಿ. ಜೊತೆಗೆ ವಹಿಯಲ್ಲೂ ಬರೆಯಿರಿ. ವಹಿಗೆ ಕರೆಂಟ್ ಬೇಕಾಗಿಲ್ಲ. ಪಹಣಿಯಂತೂ ಆ ಒಂದೇ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಈ ಕಚೇರಿಯಲ್ಲಿ ಯಂತ್ರ ನಿಂತರೆ "ಬೇರೆ ಎಲ್ಲಿ ಸಿಗ್ತದ್ರಿ?" ಎಂದು ಕೇಳಿರಿ. ಕೇಳುವುದು ನಿಮ್ಮ ಹಕ್ಕು.

ಈ ವಾರ ನಿಮ್ಮೂರ ಶಾಲೆಗೋ ಪಂಚಾಯಿತಿಗೋ ಹೋಗಿರಿ. ಅಲ್ಲಿಯ ಕಂಪ್ಯೂಟರ್ ನೋಡಿರಿ. ಅದಕ್ಕೆ ಎಷ್ಟು ವೈರ್ ಇವೆ? ಎಷ್ಟು ಸ್ವಿಚ್ ಇವೆ? ಗೆರೆ ಎಲ್ಲಿ, ಸೊನ್ನೆ ಎಲ್ಲಿ? ನಿಮ್ಮ ಕೈಯಿಂದಲೇ ಬರೆದುಕೊಂಡು ಬರ್ರಿ. ಮುಂದಿನ ವಾರ ಇಲ್ಲಿ ಕೂತು ಎಲ್ಲರೂ ಓದೋಣ.