ನೆರೆಯ ನೋಡ್ ವಂಚಿಸಿದರೆ?

ಕಾಡ್ಗಿಚ್ಚಿನ ಸುಳಿವಿಗಾಗಿ ಕಾಡಿನಲ್ಲಿ ಹರಡಿಟ್ಟ ಪುಟ್ಟ ಸೆನ್ಸರ್ ಸಾಧನಗಳನ್ನು ಕಲ್ಪಿಸಿಕೊಳ್ಳಿ. ಇವೇ ನೋಡ್‌ಗಳು. ತಂತಿಯಿಲ್ಲದೆ, ಒಂದರಿಂದ ಇನ್ನೊಂದಕ್ಕೆ ಮಾಹಿತಿ ದಾಟಿಸುತ್ತಾ ಕೇಂದ್ರಕ್ಕೆ ಮುಟ್ಟಿಸುತ್ತವೆ. ಅಲ್ಲಿ ಕಾವಲಿಲ್ಲ. ಯಾರಾದರೂ ಒಂದನ್ನು ಒಯ್ದು, ಪ್ರೋಗ್ರಾಂ ಬದಲಿಸಿ, ಮತ್ತೆ ಅಲ್ಲೇ ಇಟ್ಟರೆ? ಗುಪ್ತ ಕೀಲಿಯೂ ಅದರೊಳಗೇ ಇರುವುದರಿಂದ ಗೂಢಲಿಪಿಯೊಂದೇ ಸಾಲದು. ಎಲ್ಲ ಸಂದೇಶಗಳನ್ನೂ ನುಂಗುವ ನೋಡ್ ಬೇಗ ಸಿಕ್ಕಿಬೀಳುತ್ತದೆ. ಜಾಣ ವಂಚಕ ಬೆಂಕಿಯ ಸುದ್ದಿಯನ್ನಷ್ಟೇ ನುಂಗುತ್ತದೆ.

ಸ್ಟ್ಯಾನ್‌ಫರ್ಡ್ ಸಂಶೋಧಕರು 2000ದಲ್ಲಿ ಮೊಬೈಲ್ ಜಾಲಗಳಿಗಾಗಿ ‘ವಾಚ್‌ಡಾಗ್’ ಎಂಬ ಉಪಾಯ ಸೂಚಿಸಿದರು. ಅದು ಸೆನ್ಸರ್ ಜಾಲಗಳಿಗೂ ಬಂತು. ರೇಡಿಯೋ ಮಾತು ಸುತ್ತಲಿನವರಿಗೆಲ್ಲ ಕೇಳಿಸುತ್ತದಷ್ಟೆ. ನಾನು ಕೊಟ್ಟ ಸಂದೇಶವನ್ನು ನೀವು ಮುಂದೆ ಕಳಿಸಿದಿರಾ ಎಂದು ಕಿವಿಗೊಡುತ್ತೇನೆ. ಕೇಳಿಸದಿದ್ದರೆ ಲೆಕ್ಕ ಇಡುತ್ತೇನೆ. ಲೆಕ್ಕ ಮಿತಿ ಮೀರಿದರೆ ದೂರು.

ಕಷ್ಟವಿರುವುದು ಆ ಮಿತಿಯಲ್ಲೇ. ನೀವು ಕಳಿಸಿದ ಗಳಿಗೆಯಲ್ಲೇ ಬೇರೊಂದು ಸಂದೇಶ ನನ್ನ ಬಳಿ ಡಿಕ್ಕಿಯಾದರೆ ನಿಮ್ಮದು ನನಗೆ ಕೇಳಿಸದು. ನಿಮ್ಮ ತಪ್ಪೇನೂ ಇಲ್ಲ. ಮಿತಿ ಇಳಿಸಿದರೆ ನಿರಪರಾಧಿ ನೋಡ್ ಹೊರಬೀಳುತ್ತದೆ, ಏರಿಸಿದರೆ ವಂಚಕ ಉಳಿದುಕೊಳ್ಳುತ್ತದೆ. ದೂರು ಕೊಟ್ಟದ್ದೇ ವಂಚಕನಾಗಿದ್ದರೆ? ಹಾಗಾಗಿ ಹಲವು ನೆರೆಯವರ ಸಾಕ್ಷಿ ಬೇಕು. ಆದರೆ ಕೇಳಿಸಿಕೊಳ್ಳುವುದಕ್ಕೂ ಹೆಚ್ಚುಕಡಿಮೆ ಮಾತಾಡುವಷ್ಟೇ ಬ್ಯಾಟರಿ ಖರ್ಚಾಗುತ್ತದೆ. ಅದಕ್ಕೇ ಕೆಲವು ವಿನ್ಯಾಸಗಳಲ್ಲಿ ನೋಡ್‌ಗಳು ಸರದಿಯಂತೆ ಕಾವಲು ಕಾಯುತ್ತವೆ.