ದಣಿದ ಮೈಗೆ ಹುಳುವಿನ ಆಹಾರ

(ಯುವಕ ಸಂಘದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಹಿಪ್ಪುನೇರಳೆ ತೋಟದ ಗೊಬ್ಬರದ ವಿಷಯ ಮಾತನಾಡಬೇಕೆಂದು ಬಂದವನು ನಾನು. ಆದರೆ ಪೊಲೀಸು ಮತ್ತು ಸೈನ್ಯದ ಭರ್ತಿಗೆಂದು ಕೆರೆ ಏರಿಯ ಮೇಲೆ ದಿನವೂ ಓಡುವ ನಿಮ್ಮೂರ ಹುಡುಗರು ಹೋದ ವಾರ ನನ್ನನ್ನು ತಡೆದು ನಿಲ್ಲಿಸಿದರು. "ಸಾರ್, ಹುಳುವಿನ ಪುಡಿ ತಿಂದರೆ ದಣಿದ ಮೈ ಬೇಗ ಸುಧಾರಿಸುತ್ತದೆಂದು ಮೊಬೈಲಿನಲ್ಲಿ ನೋಡಿದೆವು. ನೂಲು ಬಿಚ್ಚುವ ಕಡೆ ಪ್ಯೂಪಾ ರಾಶಿಗಟ್ಟಲೆ ಬಿದ್ದಿರುತ್ತದಲ್ಲ, ಅದನ್ನೇ ಒಣಗಿಸಿ ಬೀಸಿ ಹಾಲಿಗೆ ಹಾಕಿಕೊಂಡು ಕುಡಿದರೆ ಆಗುವುದಿಲ್ಲವೆ?" ಎಂದರು. ನಕ್ಕು ಬಿಡುವ ಪ್ರಶ್ನೆಯಲ್ಲ ಇದು. ಅವರಲ್ಲಿ ಒಬ್ಬನ ಮನೆಯಲ್ಲಿ ಟಗರು ಮಾರಿದ ಹಣ ಪ್ರೋಟೀನು ಪುಡಿಯ ಡಬ್ಬಿಗೆ ಹೋಗಿದೆ. ಇನ್ನೊಬ್ಬ ಆ ರಾಶಿಯಿಂದಲೇ ಒಂದು ಚೀಲ ತಂದು ಮಾಳಿಗೆಯ ಮೇಲೆ ಒಣಹಾಕಿದ್ದಾನೆ. ಆದುದರಿಂದ ಗೊಬ್ಬರದ ಮಾತು ಇನ್ನೊಂದು ದಿನಕ್ಕಿರಲಿ.

ಮೊದಲು ಮೈನೋವಿನ ಸಂಗತಿ. ಜೋರು ಮಳೆ ಹೊಡೆದ ಮೇಲೆ ಏರಿಯಲ್ಲಿ ಸಣ್ಣ ಸಣ್ಣ ಕೊರಕಲು ಬೀಳುತ್ತವಷ್ಟೆ. ಮಣ್ಣು ತುಂಬಿ ಗಟ್ಟಿಸಿದರೆ ಏರಿ ಮೊದಲಿಗಿಂತ ಭದ್ರವಾಗುತ್ತದೆ. ಹಾಗೆಯೇ ಬಿಟ್ಟರೆ ಮುಂದಿನ ಮಳೆಗೆ ಕೊರಕಲು ದೊಡ್ಡದಾಗುತ್ತದೆ. ಓಡಿದಾಗ, ಭಾರ ಎತ್ತಿದಾಗ, ಗುದ್ದಲಿ ಹಿಡಿದಾಗ ಮಾಂಸಖಂಡದ ಎಳೆಗಳಲ್ಲಿಯೂ ಅಂಥ ಸಣ್ಣ ಹಾನಿ ಆಗುತ್ತದೆ. ಅದನ್ನು ತುಂಬುವ ಮಣ್ಣು ಎಂದರೆ ಸಸಾರಜನಕ, ಈಗಿನ ಮಾತಿನಲ್ಲಿ ಪ್ರೋಟೀನು. ಈ ರಿಪೇರಿ ಅರ್ಧ ಗಂಟೆಯಲ್ಲಿ ಮುಗಿಯುವುದಲ್ಲ, ಒಂದು ದಿನಕ್ಕೂ ಮೀರಿ ನಡೆಯುತ್ತದೆ. ಓಡಿ ಬಂದ ಕೂಡಲೆ ಡಬ್ಬಿ ಅಲ್ಲಾಡಿಸಿ ಕುಡಿಯದಿದ್ದರೆ ಶ್ರಮವೆಲ್ಲ ವ್ಯರ್ಥವೆಂಬ ಮಾತು ಡಬ್ಬಿ ಮಾರುವವರಿಗೆ ಒಳ್ಳೆಯದು. ಇಡೀ ದಿನದ ಊಟದಲ್ಲಿ ಒಟ್ಟು ಎಷ್ಟು ಸೇರಿತು ಎಂಬುದೇ ಮುಖ್ಯ. ಸಸಾರಜನಕವು ನೋವಿನ ಮಾತ್ರೆಯೂ ಅಲ್ಲ. ಹೊಸದಾಗಿ ಓಟ ಹಿಡಿದವನ ತೊಡೆ ಎರಡು ದಿನ ನೋಯುವುದು ಏನು ತಿಂದರೂ ನೋಯುತ್ತದೆ.

ಇನ್ನು ಹುಳು. ಹುಳು ತಿನ್ನುವುದೆಂದರೆ ಮೂಗು ಮುರಿಯುವವರು ಈ ಸಭೆಯಲ್ಲಿಯೂ ಇದ್ದಾರೆ. ಆದರೆ ಮುಂಗಾರಿನ ಮೊದಲ ಮಳೆಗೆ ಹುತ್ತದಿಂದ ಏಳುವ ರೆಕ್ಕೆಗೆದ್ದಲನ್ನು ದೀಪ ಇಟ್ಟು ಹಿಡಿದು, ಹುರಿದು, ರೆಕ್ಕೆ ತೂರಿ ತಿಂದ ಹಿರಿಯರು ನಮ್ಮ ಸೀಮೆಯಲ್ಲಿಯೇ ಇದ್ದಾರೆ. ಮಲೆನಾಡಿನಲ್ಲಿ ಚಗಳಿ ಇರುವೆಯ ಚಟ್ನಿ ಅರೆಯುತ್ತಾರೆ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಕೆಂಪಿರುವೆ ಚಟ್ನಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2013ರಲ್ಲಿ ಹೊರತಂದ ವರದಿಯಂತೆ ಲೋಕದಲ್ಲಿ ಜನರು ತಿನ್ನುವ ಕೀಟಜಾತಿಗಳು 1900ಕ್ಕೂ ಹೆಚ್ಚು. ತಿನ್ನದವರು ತಿನ್ನಬೇಕಾಗಿಲ್ಲ, ತಿಂದವರನ್ನು ಹೀಗಳೆಯುವ ಹಕ್ಕೂ ಅವರಿಗಿಲ್ಲ.

ಹುಳುವಿನ ಸಸಾರಜನಕ ಮಾಂಸಖಂಡಕ್ಕೆ ಹತ್ತುತ್ತದೆಯೆ? ಹತ್ತುತ್ತದೆ. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. 24 ಮಂದಿ ಆರೋಗ್ಯವಂತ ತರುಣರಿಗೆ ಒಂದೇ ಕಾಲಿಗೆ ವ್ಯಾಯಾಮ ಮಾಡಿಸಿ, ಕೆಲವರಿಗೆ ಹಾಲಿನ ಸಸಾರಜನಕ 30 ಗ್ರಾಂ, ಕೆಲವರಿಗೆ ಹುಳುವಿನ ಸಸಾರಜನಕ 30 ಗ್ರಾಂ ಕೊಟ್ಟರು. ದಣಿದ ಕಾಲಿನಲ್ಲಾಗಲಿ, ದಣಿಯದ ಕಾಲಿನಲ್ಲಾಗಲಿ, ಮಾಂಸಖಂಡ ಕಟ್ಟುವ ವೇಗದಲ್ಲಿ ಹಾಲಿಗೂ ಹುಳುವಿಗೂ ವ್ಯತ್ಯಾಸ ಕಾಣಲಿಲ್ಲ. ಯಾವ ಹುಳು ಎಂದು ಕೇಳಿದರೆ ಕೋಳಿ ಸಾಕುವವರು ನಗುತ್ತಾರೆ: ಕೋಳಿ ಶೆಡ್ಡಿನ ಹಾಸಿನಲ್ಲಿ ಮುತ್ತುವ ಕಪ್ಪು ಜೀರುಂಡೆಯ ಮರಿಯ ಜಾತಿಯೇ ಅದು. ಆದರೆ ಅಲ್ಲಿ ಅದನ್ನು ಹಿಕ್ಕೆಯಿಂದ ಆರಿಸುವುದಿಲ್ಲ. ಆಹಾರಕ್ಕೆಂದೇ ಶುದ್ಧ ಮೇವಿನಲ್ಲಿ ಬೆಳೆಸುತ್ತಾರೆ. ಯೂರೋಪಿನ ಒಕ್ಕೂಟ 2023ರಲ್ಲಿ ಅದನ್ನು ಮನುಷ್ಯರ ಆಹಾರವಾಗಿ ಮಾರಲು ಒಪ್ಪಿಗೆ ಕೊಟ್ಟಿತು.

ಇಷ್ಟು ಕೇಳಿ ಹುಡುಗರ ಮುಖ ಅರಳಿದೆ. ಇನ್ನೊಂದು ಪರೀಕ್ಷೆಯನ್ನೂ ಕೇಳಿರಿ. 2018ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪ್ರಯೋಗದಲ್ಲಿ 8 ವಾರ ತೂಕ ಎತ್ತುವ ತರುಣರಲ್ಲಿ ಅರ್ಧ ಜನಕ್ಕೆ ಇದೇ ಹುಳುವಿನ ಸಸಾರಜನಕವನ್ನು ಹೆಚ್ಚುವರಿಯಾಗಿ ಕೊಟ್ಟರು, ಉಳಿದವರಿಗೆ ಅಷ್ಟೇ ಶಕ್ತಿ ಕೊಡುವ ಪಿಷ್ಟದ ತಿಂಡಿ ಕೊಟ್ಟರು. ಎರಡೂ ಗುಂಪಿನವರು ಬಲಿತರು. ಹುಳು ತಿಂದವರು ಹೆಚ್ಚು ಬಲಿಯಲಿಲ್ಲ. ಏಕೆಂದರೆ ಅವರ ಊಟದಲ್ಲಿ ಸಸಾರಜನಕ ಮೊದಲೇ ಸಾಕಷ್ಟಿತ್ತೆಂದು ತಿಳಿಯಬಹುದು. ತುಂಬಿದ ಕೆರೆಗೆ ಕೊಡ ನೀರು ಹೊಯ್ದಂತೆ. ಪ್ರಶ್ನೆ ಹುಳುವಿನದಲ್ಲ, ನಿಮ್ಮ ತಟ್ಟೆಯಲ್ಲಿ ಕೊರತೆ ಇದೆಯೋ ಇಲ್ಲವೋ ಎಂಬುದು.

ಲೆಕ್ಕ ಹಾಕೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ ಸಸಾರಜನಕ ಬೇಕು. 60 ಕಿಲೋ ಆಳಿಗೆ 50 ಗ್ರಾಂ ಆಯಿತು. ಕಠಿಣ ವ್ಯಾಯಾಮದವರಿಗೆ ಕಿಲೋವಿಗೆ 1.4 ಗ್ರಾಮಾದರೂ ಬೇಕೆನ್ನುತ್ತಾರೆ, ಅಂದರೆ 84 ಗ್ರಾಂ. ನಮ್ಮ ಓಟಗಾರ ತಿನ್ನುವುದೇನು? 200 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ 14, 150 ಗ್ರಾಂ ಅಕ್ಕಿಯಲ್ಲಿ 12, ಸಾರಿನ 50 ಗ್ರಾಂ ಕಾಳಿನಲ್ಲಿ 11, ಕಾಲು ಲೀಟರ್ ಹಾಲಿನಲ್ಲಿ 8; ಒಟ್ಟು 45. ಹುರುಳಿಯೋ ಅವರೆಯೋ ಇನ್ನೊಂದು 50 ಗ್ರಾಂ, 40 ಗ್ರಾಂ ಕಡಲೆಕಾಯಿ ಬೀಜ, ಎರಡು ಮೊಟ್ಟೆ, ಇನ್ನೊಂದು ಕಾಲು ಲೀಟರ್ ಹಾಲು ಸೇರಿಸಿದರೆ 11, 10, 12, 8, ಗುರಿ ದಾಟಿತು. ಮೊಟ್ಟೆ ಮುಟ್ಟದವರು ಕಾಳನ್ನೂ ಮೊಸರನ್ನೂ ಹೆಚ್ಚಿಸಲಿ. ಇದರಲ್ಲಿ ಡಬ್ಬಿಯಿಂದ ಬಂದದ್ದು ಒಂದೂ ಇಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಓಡುವ ಮಗನಿಗೆ ಹಾಲು ಮೊಟ್ಟೆ ಎತ್ತಿಡುವ ತಾಯಿ ಬೆಳಗಿನಿಂದ ಸೊಪ್ಪು ಕಡಿದು ಹೊತ್ತು, ಹುಳುವಿಗೆ ಹಾಕಿ, ರಾಗಿ ಹೊಲದಲ್ಲಿ ಕಳೆ ತೆಗೆದು ಬಂದು, ಕೊನೆಗೆ ಉಳಿದ ತಿಳಿಸಾರಿನಲ್ಲಿ ಮುದ್ದೆ ನುಂಗುತ್ತಾಳೆ. ಅವಳ ಬೆನ್ನಿನಲ್ಲಿಯೂ ಇರುವುದು ಅದೇ ಮಾಂಸಖಂಡ. ಹುಡುಗ ಒಂದು ತಾಸು ಓಡಿದರೆ ವ್ಯಾಯಾಮ, ಅವಳು ಎಂಟು ತಾಸು ದುಡಿದರೆ ಅದಕ್ಕೆ ಹೆಸರೇ ಇಲ್ಲ. ಸಾರಿನ ತಳದ ಕಾಳು ಯಾರ ತಟ್ಟೆಗೆ ಬೀಳುತ್ತದೆಂದು ಈ ರಾತ್ರಿ ನಿಮ್ಮ ಮನೆಯಲ್ಲಿಯೇ ನೋಡಿರಿ.

ಈಗ ಆ ಮಾಳಿಗೆಯ ಮೇಲಿನ ಚೀಲ. ಒಣಗಿದ ಪ್ಯೂಪಾದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ಸಸಾರಜನಕ, ಕಾಲು ಭಾಗದಷ್ಟು ಕೊಬ್ಬು. ಕೊರಿಯಾದಲ್ಲಿ ಬೇಯಿಸಿ ಬೀದಿಯಲ್ಲಿ ಮಾರುತ್ತಾರೆ. ಅಸ್ಸಾಮಿನಲ್ಲಿ ಎರಿ ರೇಷ್ಮೆಯ ಪ್ಯೂಪಾ ಮೆಚ್ಚಿನ ಊಟ. ಆದರೆ ಎರಿ ಗೂಡಿಗೆ ಒಂದು ಕಡೆ ಬಾಯಿ ಇರುತ್ತದೆ, ಅದರ ನೂಲನ್ನು ಹತ್ತಿಯಂತೆ ನೂಲುತ್ತಾರೆ; ಆದುದರಿಂದ ಪ್ಯೂಪಾವನ್ನು ತಾಜಾ ಇರುವಾಗಲೇ ಹೊರತೆಗೆದು ಅಡಿಗೆಗೆ ಒಯ್ಯಬಹುದು. ನಮ್ಮ ಹಿಪ್ಪುನೇರಳೆ ರೇಷ್ಮೆಯ ಕಥೆ ಬೇರೆ. ಗೂಡು ಕುದಿಯಬೇಕು, ಎಳೆಯೆಲ್ಲ ಬಿಚ್ಚಬೇಕು, ಪ್ಯೂಪಾ ಅದೇ ನೀರಿನಲ್ಲಿ ನೆನೆಯಬೇಕು. ಆಮೇಲೆ ಅದು ರಾಶಿಗೆ ಬೀಳುತ್ತದೆ. ಹಾಲುರೋಗ, ಸಪ್ಪೆರೋಗ ಬಂದು ಗೂಡಿನೊಳಗೇ ಕರಗಿದ ಹುಳುವೂ ಅದರಲ್ಲಿಯೇ ಸೇರುತ್ತದೆ. ಅದರ ಕೊಬ್ಬು ಬೇಗ ಕೆಡುವ ಜಾತಿಯದು. ರಾಶಿಯ ಕಡೆಯಿಂದ ಗಾಳಿ ಬೀಸಿದಾಗ ಮೂಗಿಗೆ ಬಡಿಯುವುದೇ ಅದು. ಬಿಸಿಲಿನಲ್ಲಿ ಒಣಗಿಸಿದರೆ ನೀರು ಹೋಗುತ್ತದೆ, ಕೊಳೆತದ್ದು ಹೋಗುವುದಿಲ್ಲ. ಆ ಚೀಲದ ಹಿಟ್ಟನ್ನು ಯಾರೂ ಬಾಯಿಗೆ ಹಾಕಬಾರದು.

ತಿನ್ನುವ ರೂಢಿಯುಳ್ಳವರು ರೋಗವಿಲ್ಲದ ಗೂಡನ್ನು ಕತ್ತರಿಸಿ ತಾಜಾ ಪ್ಯೂಪಾ ತೆಗೆದು, ತೊಳೆದು, ಚೆನ್ನಾಗಿ ಬೇಯಿಸಿ ಅಂದೇ ತಿನ್ನತಕ್ಕದ್ದು. ಆದರೆ ಕತ್ತರಿಸಿದ ಗೂಡಿನಿಂದ ನೂಲು ಬಿಚ್ಚಲು ಬಾರದು. ಆ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಿರಿ. ಸೀಗಡಿ, ಏಡಿ ತಿಂದರೆ ಮೈ ದದ್ದೇಳುವವರು ಹುಳುವಿನ ತಂಟೆಗೇ ಹೋಗಬಾರದು. ಎರಡರಲ್ಲಿಯೂ ಒಂದೇ ಬಗೆಯ ಸಸಾರಜನಕ ಇರುವುದರಿಂದ ಉಸಿರು ಕಟ್ಟುವವರೆಗೂ ಹೋಗಬಹುದು. ಹುಳುವಿನ ಪುಡಿಯ ಡಬ್ಬಿ ಮಾರಲು ಬಂದವನು ಬರೆದ ಅಂಕಿಯನ್ನೂ ಪೂರ್ತಿ ನಂಬಬೇಡಿ. ಸಸಾರಜನಕವನ್ನು ಸಾರಜನಕದಿಂದ ಲೆಕ್ಕ ಹಾಕುವುದು ವಾಡಿಕೆ. ಹುಳುವಿನ ಚರ್ಮದ ಕೈಟಿನ್ ಎಂಬ ವಸ್ತುವಿನಲ್ಲಿಯೂ ಸಾರಜನಕ ಇರುವುದರಿಂದ ಹಳೆಯ ಲೆಕ್ಕದಲ್ಲಿ ಅಂಕಿ ಉಬ್ಬುತ್ತದೆ.

ಹಾಗಾದರೆ ಆ ರಾಶಿ ವ್ಯರ್ಥವೆ? ಅಲ್ಲ. ಎಣ್ಣೆ ತೆಗೆದ ಪ್ಯೂಪಾ ಹಿಂಡಿ ಕೋಳಿಗೂ ಮೀನಿಗೂ ಒಳ್ಳೆಯ ಮೇವು. ಕೊಳೆಯುವ ಮೊದಲೇ ಒಣಗಿಸಿದ್ದನ್ನು ಬೇರೆ ಮೇವಿನೊಡನೆ ಸ್ವಲ್ಪ ಬೆರೆಸಿ ಹಾಕಿರಿ. ಹೆಚ್ಚಾದರೆ ಮಾಂಸಕ್ಕೆ ವಾಸನೆ ಹತ್ತುತ್ತದೆ. ಕೋಳಿ ಅದನ್ನು ತಿಂದು ಮೊಟ್ಟೆ ಇಡಲಿ, ನೀವು ಮೊಟ್ಟೆ ತಿನ್ನಿ. ಹುಳುವಿನ ಸಸಾರಜನಕ ನಮ್ಮೂರಲ್ಲಿ ಮೈಗೆ ಸೇರುವ ಹತ್ತಿರದ ದಾರಿ ಇದೇ ಎಂದು ನನಗೆ ತೋರುತ್ತದೆ.

ಬರುವ ಗುರುವಾರ ಸಂಜೆ ಸಣ್ಣ ತಕ್ಕಡಿಯೊಂದನ್ನು ತರುತ್ತೇನೆ. ಓಟದ ಹುಡುಗರು ತಮ್ಮ ಮನೆಯಲ್ಲಿ ಒಂದು ಹೊತ್ತಿಗೆ ಹಾಕುವ ಕಾಳು, ಹಿಟ್ಟುಗಳನ್ನು ಪೊಟ್ಟಣ ಕಟ್ಟಿ ತರಲಿ, ಎಲ್ಲರ ಎದುರಿಗೆ ತೂಗಿ ಲೆಕ್ಕ ಬರೆಯೋಣ. ತಾಯಂದಿರೂ ಬರಬೇಕು, ಅವರ ಊಟದ ಲೆಕ್ಕವನ್ನೇ ಮೊದಲು ಬರೆಯುತ್ತೇವೆ.